ಮುಟ್ಟದೆ ಇಟ್ಟ ಬಟ್ಟಲು

ಹಬೆ ನೆಟ್ಟಗೆ ಏಳುತ್ತಿಲ್ಲ, ಫ್ಯಾನಿನ ಗಾಳಿಗೆ ಸಾಹೇಬನ ಕಡೆಗೇ ಬಾಗುತ್ತಿದೆ, ನೋಡಲಿ, ಕಣ್ಣಿದ್ದರೆ ನೋಡಲಿ, ಬಟ್ಟಲನ್ನು ಅವನ ಮೇಜಿನ ಮೇಲಿಟ್ಟು ಕೈ ತೆಗೆದಿದ್ದೇನೆ — ಬೇಡಲು ಬಂದವನು ಕಾಫಿ ಮುಟ್ಟುವುದಿಲ್ಲ, ಏನು ಬೇಕೋ ಕೊಟ್ಟೆ, ಈಗ ಕುಡಿ ಎಂದು ಮನೆಯವನು ಹೇಳುವವರೆಗೂ ಮುಟ್ಟುವುದಿಲ್ಲ, ನಮ್ಮ ಜೌಗಿನಲ್ಲಿ ಕೂಸಿಗೂ ಗೊತ್ತು, ಈ ನೀರಾವರಿ ಸಾಹೇಬ ಬಾಗ್ದಾದಿನವನು, ಗೊತ್ತಿಲ್ಲವೇನೋ, ಕುಡೀರಿ ಹಾಜಿ, ಆರ್ತದೆ ಅನ್ನುತ್ತಾನೆ, ಹಾಜಿಯಂತೆ, ಮೆಕ್ಕಾ ಇರಲಿ, ನಾನು ಬಸ್ರಾ ದಾಟಿದವನಲ್ಲ, ತೂಬು ಎತ್ತಿಸಿ ಸಾಹೇಬ್ರೇ, ಅದರ ಕೆಳಗೆ ಕಾಲುವೆ ಬತ್ತಿದೆ, ಎಮ್ಮೆಗಳು ನೀರು ಹುಡುಕ್ಕೊಂಡು ಕೆಸರಿಗಿಳಿದು ಹೂತು ಹೋಗ್ತಿವೆ, ಬೆಳಿಗ್ಗೆ ವರ್ದಾ ಹೂತುಹೋದಳು, ನನ್ನ ಹೆಂಡತಿ ಫಲ್ಹಾ ಕರುವಿನಿಂದ ಸಾಕಿದ ಎಮ್ಮೆ, ಕುತ್ತಿಗೆಯವರೆಗೆ ಕೆಸರು, ಮೇಲೆ ಎರಡು ಹೊಳ್ಳೆ, ತೆರೆದು, ಮುಚ್ಚಿ, ಹಗ್ಗ ಹಾಕಿ ಎಳೆದೆವು, ಹಗ್ಗವೇ ಹರಿಯಿತು, ನೀ ಹೋಗು, ನಾ ಇಲ್ಲೇ ಇರ್ತೀನಿ ಅಂದಳು ಫಲ್ಹಾ, ಅದರ ಮೂತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನೀರು ಬಂದ್ರೆ ತೇಲ್ತಾಳೆ, ನಿನ್ನ ಸಿಟ್ಟನ್ನ ದೋಣೀಲಿ ಬಿಟ್ಟು ಒಳಗೆ ಹೋಗು — ಬಿಟ್ಟೇ ಬಂದಿದ್ದೇನೆ, ಹಲ್ಲು ಕಚ್ಚಿ ಕೂತಿದ್ದೇನೆ, ಮೇಲಿಂದಾನೇ ನೀರಿಲ್ಲ ಹಾಜಿ, ಉಚ್ಚೆ ಹೊಯ್ದು ಕಾಲುವೆ ತುಂಬಿಸ್ಲಾ, ಎಮ್ಮೆ ಮಾರಿ ಪೇಟೆ ಸೇರ್ಕೊಳ್ಳಿ, ನಗುತ್ತಾನೆ ಸಾಹೇಬ, ಅವನವ್ವನ, ಇಲ್ಲ, ಸಿಟ್ಟು ದೋಣಿಯಲ್ಲಿದೆ, ಹೊಳ್ಳೆ ತೆರೆದು, ಮುಚ್ಚಿ, ಬಾಗಿಲು ಕಿರುಗುಟ್ಟಿತು, ಮನ್ಶದ್ ಬಂದ, ತೂಬಿನ ಮೇಲ್ಗಡೆ ಮೀನು ಸಾಕುವ ಧಣಿ, ಹೊಸ ಕೊಳ ತೋಡಿಸಿದ್ದಾನೆ, ನನ್ನ ಪಕ್ಕದಲ್ಲೇ ಕೂತ, ಅವನಿಗೂ ಕಾಫಿ ಬಂತು, ಅವನೂ ಮುಟ್ಟದೆ ಮೇಜಿನ ಮೇಲಿಟ್ಟ, ಅಷ್ಟೇ, ಬಾಯಿಯನ್ನೇ ತೆರೆಯಲಿಲ್ಲ, ಸಾಹೇಬ ಎದ್ದು ನಿಂತ, ಅಯ್ಯಯ್ಯೋ ಕುಡೀರಿ ಶೇಖ್ ಸಾಹೇಬ್ರೇ, ನಿಮ್ ಕೆಲಸ ಆಯ್ತು ಅನ್ಕೊಳ್ಳಿ, ಇವತ್ತೇ ನೀರು ನಿಮ್ ಕಡೆ ತಿರುಗಿಸ್ತೀನಿ — ಗೊತ್ತಿತ್ತು, ಈ ನಾಯಿಗೆ ಎಲ್ಲ ಗೊತ್ತಿತ್ತು, ನನ್ನ ಬಟ್ಟಲು ಯಾಕೆ ಅಲ್ಲಿ ಕೂತಿದೆ ಅಂತ ಮೊದಲಿನಿಂದಲೂ ಗೊತ್ತಿತ್ತು, ಮನ್ಶದ್ ಸೊರ್ರನೆ ಕುಡಿದು ಮೀಸೆ ಒರೆಸಿಕೊಂಡ, ಜವಾನ ಅವನ ಬಟ್ಟಲು ಎತ್ತಿ ನನ್ನದಕ್ಕೂ ಕೈ ಚಾಚಿದ, ಬಿಡಿ ಹಾಜಿ, ತಣ್ಣಗಾಗಿದೆ ಅಂದ, ಬಿಡಲಿಲ್ಲ, ಅಂಗೈ ಮುಚ್ಚಿ ಹಿಡಿದೆ, ಅವನು ಎಳೆದ, ನಾನು ಒತ್ತಿದೆ, ಫಲ್ಹಾಳ ಕೈ ಈಗ ಸೋತಿರಬೇಕು, ನೀರು ಬಂತಾ ಅಂತ ತಿರುಗಿ ತಿರುಗಿ ನೋಡುತ್ತಿರಬೇಕು, ಬರುತ್ತದೆ ಅನ್ನಲಾ, ಕೇಳಿದೆ ಅನ್ನಲಾ, ಅವಳ ಬೆರಳ ನಡುವೆ ಕೆಸರು ಏರುತ್ತಿದೆ, ಎರಡು ಹೊಳ್ಳೆ, ತೆರೆದು, ಮುಚ್ಚಿ, ತೆರೆದು, ಮುಚ್ಚಿ