ಚೂರಪ್ಪ ಒಡೆದ ತೊಟ್ಟಿ

ಹೆಣದ ಪೆಟ್ಟಿಗೆಯ ಮುಚ್ಚಳ ಸರಿಸಿ, ಗಂಡನ ಉಗುರಿನ ಸಂದಿಯಲ್ಲಿ ಸೇರಿಕೊಂಡಿದ್ದ ಸಿಲಿಕೋನ್ ಅಂಟನ್ನು ಬೆಂಕಿಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದವಳ ಮೂಗಿಗೆ ವಾಸನೆ ಬಡಿಯಿತು.

"ಸಾಕು ಬಿಡಮ್ಮ, ಜನ ಬರ್ತಿದಾರೆ," ಎಂದಳು ಮಗಳು.

"ಒಂದು ಬೆರಳು ಉಳಿದಿದೆ."

ಹಿಂದಿನ ದಿನ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುತ್ತಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಮೀನಿನ ತೊಟ್ಟಿ ಕಟ್ಟುವುದು, ಕೊಳವೆ ಹಾಯಿಸಲು ಅವುಗಳ ಗಾಜಿಗೆ ತೂತು ಕೊರೆಯುವುದು ಅವನ ಕಸುಬು. ಅಂಗಡಿ ಅವನ ಅಣ್ಣನದು. ಹೆಣವಿಡುವ ತಂಪು ಪೆಟ್ಟಿಗೆ ಬಂದಾಗ ಆ ಭಾವನೇ ಪ್ಲಗ್ ಹುಡುಕಿ, ನಡುಮನೆಯ ತೊಟ್ಟಿಗೆ ಗಾಳಿ ಊದುವ ಯಂತ್ರದ ವೈರು ಕಿತ್ತು, ಪೆಟ್ಟಿಗೆಯದನ್ನು ಸಿಕ್ಕಿಸಿದ್ದ. ಆಮೇಲೆ ಆ ಕಡೆ ಯಾರೂ ನೋಡಿರಲಿಲ್ಲ. ಈಗ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೀರಿನ ಮೇಲೆ ಬೂದುಬಣ್ಣದ ಕೆನೆ ಕಟ್ಟಿತ್ತು.

ಪಕ್ಕದ ಮನೆಯಾಕೆ ಒಳಗೆ ಬಂದವಳೇ ಮೂಗಿಗೆ ಕರ್ಚೀಫು ಒತ್ತಿಕೊಂಡಳು.

"ತುಂಬ ಹೊತ್ತು ಇಟ್ಕೋಬೇಡಿ. ಸೆಕೆಗಾಲ ಬೇರೆ."

"ವಾಸನೆ ಇವರದಲ್ಲ. ಮೀನಿಂದು."

"ಹ್ಞಾಂ, ಹ್ಞಾಂ," ಎಂದಳು ಆಕೆ, ಹಟ ಹಿಡಿದ ಮಗುವಿಗೆ ಹೂಂಗುಟ್ಟುವವಳ ಹಾಗೆ. ಹೊರಗೆ ಹೋಗಿ ಇನ್ನಿಬ್ಬರ ಕಿವಿಯಲ್ಲಿ ಏನೋ ಉಸುರಿದಳು. ಅವರೂ ಕರ್ಚೀಫು ತೆಗೆದರು.

ಹೆಂಡತಿ ಎದ್ದು ಬಲೆ ತಂದಳು. ಲೋಳೆಗಟ್ಟಿದ ಮೀನುಗಳನ್ನು ಎತ್ತಿ ಬಕೆಟ್ಟಿಗೆ ಹಾಕತೊಡಗಿದಳು. ಒಂದೊಂದೂ ಒದ್ದೆ ಬಟ್ಟೆಯ ಹಾಗೆ ಸದ್ದು ಮಾಡಿ ಬಿತ್ತು. ಇವರ ಹೆಣ ಕೊಳೆತಿಲ್ಲ ಎಂದು ಸಾಬೀತು ಮಾಡಲು ತಾನು ಹೀಗೆ ನಿಂತಿದ್ದೇನಲ್ಲ ಎನ್ನಿಸಿ ಇನ್ನಷ್ಟು ಹೇಸಿಗೆಯಾಯಿತು.

ಹೊರಗೆ, ಶಾಮಿಯಾನದ ಕೆಳಗೆ ಭಾವ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದ: "ನಮ್ಮ ಚೂರಪ್ಪ ಹೇಗೇಂದ್ರೆ, ಎಲ್ಲಿಗೆ ಕರ್ಕೊಂಡು ಹೋದ್ರೂ ನಾನು ಮೊದಲೇ ಹೇಳ್ತಿದ್ದೆ, ಲೋಟ ಎತ್ತಿಡಿ, ಬಂದ ಅಂತ."

ನಾಲ್ಕು ಜನ ಮೆಲ್ಲಗೆ ನಕ್ಕರು. ಸಾವಿನ ಮನೆಯಲ್ಲಿ ನಗಬಹುದಾದಷ್ಟೇ.

*

ಚೂರಪ್ಪ ಎಂಬ ಹೆಸರು ಅಂಟಿದ್ದು ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ. ಹೊಸ ಹೋಟೆಲೊಂದಕ್ಕೆ ಆಳೆತ್ತರದ ತೊಟ್ಟಿ ಬೇಕಾಗಿತ್ತು. ತಳದಲ್ಲಿ ತೂತು ಕೊರೆಯಲು ಅಣ್ಣ ಹೇಳಿದಾಗ ಅವನು ಗಾಜನ್ನು ಬಿಸಿಲಿಗೆ ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡು ನೋಡಿದ. ಚಿರತೆಯ ಮೈಮೇಲಿನಂಥ ಕಲೆಗಳು ಕಂಡವು.

"ಅಣ್ಣ, ಇದು ಕಾಯಿಸಿ ಗಟ್ಟಿ ಮಾಡಿದ ಗಾಜು. ಇದಕ್ಕೆ ಕೊರೆ ಇಟ್ರೆ ಪೂರ್ತಿ ಪುಡಿಯಾಗುತ್ತೆ. ಬೇರೆ ಗಾಜು ತರಿಸೋಣ."

"ಊರಲ್ಲೆಲ್ಲ ಕೊರೀತಾರೆ, ನಿಂದೊಂದು ರಗಳೆ."

ಅವನ ಕೆಲಸದ ರೀತಿ ಹೆಂಡತಿಗೆ ಗೊತ್ತಿತ್ತು, ಆಗೀಗ ಬುತ್ತಿ ಒಯ್ದಾಗ ನೋಡಿದ್ದಳು. ಗಾಜಿನ ಹಿಂದೆ ಟೇಪು ಅಂಟಿಸುತ್ತಿದ್ದ. ತೂತು ಬೀಳಬೇಕಾದ ಜಾಗದ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಿದ್ದ. ಕೊರೆಯನ್ನು ಮೊದಲು ಓರೆಯಾಗಿ ಮುಟ್ಟಿಸಿ, ಹುಬ್ಬಿನಷ್ಟು ಗೀರು ಬಿದ್ದ ಮೇಲೆ ನೆಟ್ಟಗೆ ಮಾಡುತ್ತಿದ್ದ. ಒತ್ತುತ್ತಲೇ ಇರಲಿಲ್ಲ. "ಒತ್ತೋದು ನಾವು, ಒಡೆಯೋದು ಅದು," ಎನ್ನುತ್ತಿದ್ದ. ಕೊನೆಯ ಪದರ ಉಳಿದಾಗ ಉಸಿರೂ ಬಿಗಿಹಿಡಿದು ಕೈ ಇನ್ನಷ್ಟು ಹಗುರ ಮಾಡುತ್ತಿದ್ದ.

ಆ ದಿನ ಬುತ್ತಿ ಹಿಡಿದು ಅವಳು ಒಳಗೆ ಕಾಲಿಟ್ಟಾಗ ಗಂಡ ಪಕ್ಕದ ಅಂಗಡಿಗೆ ಮೊಳೆ ತರಲು ಹೋಗಿದ್ದ. ಭಾವ ತಾನೇ ಕೊರೆಯುವ ಯಂತ್ರ ಹಿಡಿದು, ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಂತಿದ್ದ. ಪಟಾಕಿಯಂಥ ಸದ್ದಾಯಿತು. ತಳ ಇದ್ದಲ್ಲಿ ಬಿಳಿ ಹರಳುಗಳ ರಾಶಿ. ಸದ್ದಿಗೆ ಓಡಿಬಂದ ಗಂಡ ಏನೂ ಕೇಳದೆ ಪೊರಕೆ ಎತ್ತಿಕೊಂಡ. ಅಷ್ಟರಲ್ಲಿ ಹೋಟೆಲಿನವನು ಬಾಗಿಲಲ್ಲಿ ನಿಂತಿದ್ದ.

"ನಮ್ಮ ತಮ್ಮ ಸ್ವಲ್ಪ ಅವಸರ," ಎಂದ ಭಾವ. "ಚೂರು ಮಾಡಿಬಿಟ್ಟ."

ಗಂಡ ಗುಡಿಸುತ್ತಲೇ ಇದ್ದ.

"ಯಾಕೆ ಬಾಯಿ ಬಿಡಲಿಲ್ಲ?" ಎಂದು ಮನೆಗೆ ಬಂದ ಮೇಲೆ ಅವಳು ಕೇಳಿದ್ದಳು.

"ಅಣ್ಣನ ಮುಖ ನೋಡ್ಲಿಲ್ವಾ ನೀನು? ಹೆದರಿಬಿಟ್ಟಿದ್ದ."

ಮುಂದೆ ಮದುವೆಮನೆಗಳಲ್ಲಿ, ಊಟದ ಪಂಕ್ತಿಗಳಲ್ಲಿ ಅಣ್ಣ ಆ ಕತೆ ಹೇಳಿದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ತಮ್ಮನೇ. ಭಾವನ ಸುಳ್ಳಿಗಿಂತ ಆ ನಗು ಅವಳಿಗೆ ಅಸಹ್ಯ ತರುತ್ತಿತ್ತು. ಆಗ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಲ್ಲುತ್ತಿದ್ದಳು.

*

ಬಕೆಟ್ ಹಿಡಿದೇ ಹೊರಗೆ ಬಂದಳು. ನಗು ನಿಂತಿತು.

"ಆ ಹೋಟೆಲಿನ ತೊಟ್ಟಿ ಒಡೆದದ್ದು ನೀವು," ಎಂದಳು ಭಾವನಿಗೆ. "ನಾನು ಕಣ್ಣಾರೆ ಕಂಡೆ. ಇವತ್ತಾದರೂ ಹೇಳಿ."

ಭಾವ ಬಕೆಟ್ಟಿನ ಕಡೆ ನೋಡಿ ಮುಖ ತಿರುಗಿಸಿದ. ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದಳು.

"ಇರಬಹುದು," ಎಂದ ಅವನು. "ಅವನಿಗೇ ಬೇಜಾರಿರಲಿಲ್ಲ. ನಿನಗ್ಯಾಕಮ್ಮ?"

ಮೂಲೆಯ ಕುರ್ಚಿಯಲ್ಲಿದ್ದ ಹಲ್ಲಿನ ಡಾಕ್ಟರಮ್ಮ, ಸತ್ತವನ ಹಳೆಯ ಗಿರಾಕಿ, ಬಾಯಿ ಹಾಕಿದಳು. "ನಮಗೆ ಅವರೇ ಹೇಳಿದ್ರು, ನಾನೇ ಒಡೆದೆ ಅಂತ. ಅವಸರಕ್ಕೆ ಬಿದ್ದು ಮೈಭಾರ ಹಾಕಿ ಒತ್ತಿದೆ, ಸಿಡೀತು, ಅದಕ್ಕೇ ಹೇಳ್ತೀನಿ, ಗಾಜು ಯಾವುದೂಂತ ನೋಡದೆ ಯಾರಿಗೂ ಕೊರೆಯೋಕೆ ಬಿಡಬೇಡಿ ಅಂತ. ನಮ್ಮ ಹುಡುಗರಿಗೆಲ್ಲ ಕೂರಿಸಿಕೊಂಡು ಹೇಳಿದ್ರು."

ಮೈಭಾರ ಹಾಕಿ ಒತ್ತಿದೆ. ಆ ಮಾತನ್ನು ಅವನು ತನ್ನದೇ ಎನ್ನುವಂತೆ ಎಷ್ಟು ಮನೆಗಳಲ್ಲಿ ಹೇಳಿದ್ದನೋ. ಅವಳ ಸಾಕ್ಷಿ ಈಗ ಯಾರಿಗೂ ಬೇಕಿರಲಿಲ್ಲ, ಸತ್ತವನಿಗೂ ಬೇಕಿದ್ದಂತಿರಲಿಲ್ಲ. ಬಕೆಟ್ಟಿನ ಹಿಡಿ ಬೆರಳು ಕೊರೆಯುತ್ತಿತ್ತು. ಹಿತ್ತಿಲಿಗೆ ಹೋಗಿ ಮೀನುಗಳನ್ನು ಸುರಿದಳು. ಗೋಡೆ ಹಿಡಿದು ಬಗ್ಗಿ ವಾಂತಿ ಮಾಡಿಕೊಂಡಳು. ಮಗಳು ಬಂದು ಬೆನ್ನು ಸವರಿದಳು.

"ಅಪ್ಪ ಹಾಗೇ ಅಲ್ವಾ," ಎಂದಳು ಮಗಳು.

"ಹಾಗೇ," ಎಂದಳು ತಾಯಿ. "ಹಾಗೇ ಹೋದರು."

*

ಮಣ್ಣು ಮಾಡಿ ವಾಪಸಾಗುವಾಗ ವ್ಯಾನಿನಲ್ಲಿ ಜಾಗ ಸಾಲದೆ ಭಾವ ಅವಳ ಪಕ್ಕದಲ್ಲೇ ಒತ್ತಿ ಕೂತ. ಸ್ವಲ್ಪ ಹೊತ್ತು ಸದ್ದಿಲ್ಲದೆ ಅತ್ತ. ನಿಜವಾದ ಅಳುವೇ. ಆಮೇಲೆ ದಣಿದು ನಿದ್ದೆ ಹೋದ. ಮೊದಲ ತಿರುವಿನಲ್ಲಿ ಅವನ ತಲೆ ಅವಳ ಹೆಗಲಿಗೆ ಬಿತ್ತು. ಎದುರು ಕೂತಿದ್ದ ಮಗಳು ತಳ್ಳು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

ಭಾವನ ಬಾಯಿ ತೆರೆದುಕೊಂಡಿತು. ತುಟಿಯ ಅಂಚಿನಿಂದ ಜೊಲ್ಲು ಎಳೆಯಾಗಿ ಇಳಿದು ಅವಳ ತೋಳಿನ ಬಟ್ಟೆಯ ಮೇಲೆ ಬೆಚ್ಚಗೆ ಹರಡತೊಡಗಿತು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು, ಹೆಗಲು ಅಲುಗದ ಹಾಗೆ ಕೂತಿದ್ದಳು.