ನೂರು ವ್ಯಾಟಿನ ಬಲ್ಬು

ಟಕ್.

ಯಾರೋ ಕೆಳಗೆ ಡಬ್ಬಿಯ ಮುಚ್ಚಳ ಒತ್ತಿದಷ್ಟೇ ಸಣ್ಣ ಸದ್ದು. ಮಾನಸ ಕಣ್ಣು ಬಿಟ್ಟಳು. ಎರಡು ಗಂಟೆ ಆಗಿರಬೇಕು. ಪಕ್ಕದಲ್ಲಿ ಗಂಡ ಪ್ರತಾಪನಿಗೆ ಗಾಢ ನಿದ್ದೆ. ಇದು ಮೂರನೇ ರಾತ್ರಿ. ಇಲಿಯಲ್ಲ, ಕಪಾಟಿನ ಮರವೂ ಅಲ್ಲ ಎಂದು ಮೊದಲ ರಾತ್ರಿಯೇ ಅವಳಿಗೆ ಗೊತ್ತಾಗಿತ್ತು. ಹಳೆಯ ಜೀಪುಗಳಲ್ಲಿ ಕ್ಲಚ್ಚಿನ ಪಕ್ಕ ನೆಲದಲ್ಲೇ ಒಂದು ಡಿಪ್ಪರ್ ಸ್ವಿಚ್ ಇರುತ್ತದೆ. ಎಡಗಾಲಿನಿಂದ ಒತ್ತಿದರೆ ಹೆಡ್‌ಲೈಟಿನ ಬೆಳಕು ಕೆಳಗಿಳಿಯುತ್ತದೆ, ಇನ್ನೊಮ್ಮೆ ಒತ್ತಿದರೆ ಮೇಲೇಳುತ್ತದೆ. ಇದು ಅದರ ಸದ್ದು. ಆದರೆ ಕೆಳಗಿನ ಅಂಗಡಿಯಲ್ಲಿ ಅಂಥ ಸ್ವಿಚ್ ಒಂದೂ ಇರಲಿಲ್ಲ.

ಸಕಲೇಶಪುರದಲ್ಲಿ ಅವರದು ಗಾಡಿಗಳ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಪ್ರತಾಪ್ ವೈರಿಂಗ್ ಕೆಲಸಕ್ಕೆ ಎಸ್ಟೇಟುಗಳಿಗೆ ಹೋದರೆ ಕೌಂಟರಿನಲ್ಲಿ ಮಾನಸ ಕೂರುತ್ತಿದ್ದಳು. ಬಿ.ಎಸ್ಸಿ. ಓದಿದವಳು. ಡಬ್ಬಿಯ ಮೇಲಿನ ಅಂಕಿ ಎರಡು ಸಲ ಓದದೆ ಒಂದು ಬಲ್ಬನ್ನೂ ಕೈದಾಟಿಸುತ್ತಿರಲಿಲ್ಲ. ಹದಿಮೂರು ದಿನದ ಹಿಂದೆ, ಶುಕ್ರವಾರ, ಮಗ್ಗೆ ಕಡೆಯ ಎಸ್ಟೇಟಿನ ಜೀಪ್ ಡ್ರೈವರ್ ಜವರಪ್ಪ ಬಂದಿದ್ದ.

"ಅಮ್ಮೋರೆ, ಈ ಬೆಳಕಲ್ಲಿ ಆನೆ ಕಾಲು ಕಾಣೋ ಹೊತ್ಗೆ ನಾವು ಅದ್ರ ಹೊಟ್ಟೆ ಕೆಳ್ಗಿರ್ತೀವಿ. ದೊಡ್ದು ಕೊಡಿ."

ವ್ಯಾಟ್ ಎಂದರೆ ಬಲ್ಬು ತಿನ್ನುವ ಕರೆಂಟಿನ ಲೆಕ್ಕ, ಬೆಳಕಿನದಲ್ಲ ಎಂದು ಅವಳು ತಿಳಿಸಿ ಹೇಳಿದಳು. ಬೆಳಕು ಬೇಕಾದರೆ ಲ್ಯುಮೆನ್ ನೋಡಬೇಕು. ಅವನ ಅರವತ್ತು ವ್ಯಾಟಿನದೇ ಸಾವಿರದೈನೂರು ಲ್ಯುಮೆನ್ ಮೇಲೆ ಕೊಡುತ್ತದೆ, ಒಳಗಿನ ರಿಫ್ಲೆಕ್ಟರ್ ಮಂಕಾಗಿದ್ದರೆ ಎಷ್ಟು ವ್ಯಾಟ್ ಹಾಕಿದರೂ ಅಷ್ಟೇ.

"ಎಸ್ಟೇಟಲ್ಲಿ ಲೆಕ್ಕ ಬರ್ಯೋ ನಮ್ ರೈಟ್ರು ಇದ್ದಂಗೆ ಅನ್ನಿ, ತಿನ್ನೋದು ಜಾಸ್ತಿ, ಬೆಳಕು ಕಮ್ಮಿ" ಎಂದ ಜವರಪ್ಪ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆದರೂ ಅವನಿಗೆ ನೂರು ವ್ಯಾಟಿನದೇ ಬೇಕಿತ್ತು. ಅವಳು ಕೊಟ್ಟಳು.

ಒಂದು ಮಾತು ಉಳಿದಿತ್ತು. ಹತ್ತು ಆಂಪಿಯರ್ ಹರಿಯುತ್ತಿದ್ದ ಹಳೆಯ ಸ್ವಿಚ್ಚಿನಲ್ಲಿ ಇನ್ನು ಹದಿನೇಳು ಹರಿಯುತ್ತದೆ, ನಡುವೆ ಆ ಕರೆಂಟಿನ ಹೊರೆ ಹೊರುವ ರಿಲೇ ಹಾಕದಿದ್ದರೆ ಸ್ವಿಚ್ ಕರಗುತ್ತದೆ. ರಿಲೇ ಮುಗಿದಿತ್ತು, ಸೋಮವಾರ ಬರುವುದಿತ್ತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಸೋಮವಾರ ಹೇಳಿದರಾಯಿತು ಎಂದುಕೊಂಡಳು. ಜವರಪ್ಪ ಅಲ್ಲೇ ರಸ್ತೆ ಬದಿಯಲ್ಲಿ ಹೊಸ ಬಲ್ಬು ಹಾಕಿಕೊಂಡು, ಹಳೆಯ ಜೊತೆಯನ್ನು ಹೊಸದರ ಖಾಲಿ ಡಬ್ಬಿಯಲ್ಲಿಟ್ಟು ಕೊಟ್ಟ. "ಇಟ್ಟಿರಿ, ಯಾವಾಗ್ಲಾರ ಬೇಕಾಗ್ತವೆ."

ಮಗ್ಗೆ ದಾಟಿದ ಮೇಲಿನ ತಿರುವಿನಲ್ಲಿ ಚೌಡವ್ವನ ಕಲ್ಲಿದೆ. ರಾತ್ರಿ ಆ ದಾರಿಯ ಡ್ರೈವರುಗಳು ಅಲ್ಲಿ ಬೆಳಕು ಇಳಿಸುತ್ತಾರೆ, ಅವ್ವನ ಮುಖಕ್ಕೆ ಹೊಡೆಯಬಾರದು. ಕಲ್ಲು ದಾಟಿದ ಮೇಲೆ ಮತ್ತೆ ಏರಿಸುತ್ತಾರೆ. ಭಾನುವಾರ ರಾತ್ರಿ ಜವರಪ್ಪನ ಜೀಪು ಅದೇ ತಿರುವಿನಲ್ಲಿ ಕಾಫಿ ತೋಟದ ಇಳಿಜಾರಿಗೆ ಉರುಳಿತು. ಬೆಳಗ್ಗೆ ನೋಡುವಾಗ ಅವನು ಉಳಿದಿರಲಿಲ್ಲ. ಹೊಸ ಬಲ್ಬಿನ ಜಂಬದಲ್ಲಿ ದೇವಿಯ ಮುಖಕ್ಕೇ ಬೆಳಕು ಬಿಟ್ಟ ಎಂದು ಊರು ಮಾತಾಡಿಕೊಂಡಿತು.

ಜೀಪನ್ನು ಎಳೆದು ತಂದು ಅಂಗಡಿಯ ಹಿಂದಿನ ಸೋಮಯ್ಯನ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಸೋಮಯ್ಯ ಊಟಕ್ಕೆ ಹೋದಾಗ ಮಾನಸ ಒಬ್ಬಳೇ ಹೋಗಿ ಬಗ್ಗಿ ನೋಡಿದ್ದಳು. ಡಿಪ್ಪರ್ ಸ್ವಿಚ್ ಒತ್ತಿದ ಹಾಗೇ ಕರಗಿ ನೆಲಕ್ಕೆ ಅಂಟಿತ್ತು. ಜವರಪ್ಪ ಬೆಳಕು ಇಳಿಸಿದ್ದ. ಇಳಿಸಿದ್ದಕ್ಕೇ ಎರಡೂ ದೀಪ ಆರಿ ಕತ್ತಲಾಗಿತ್ತು.

ನಿನ್ನೆ ಮಧ್ಯಾಹ್ನ ಅವನ ಹೆಂಡತಿ ಈರಮ್ಮ ಅಂಗಡಿಗೆ ಬಂದಿದ್ದಳು. ಬೆಂಚಿನ ತುದಿಯಲ್ಲಿ ಕೂತಳು.

"ಇಪ್ಪತ್ತು ವರ್ಷ ಒಂದಿನ ತಪ್ಪಿಸ್ದೋರಲ್ಲ ಕಣವ್ವ. ನೀನು ಓದಿರೋಳು. ಲೈಟ್ ಇಳಿಸವ್ರೋ ಇಲ್ವೋ ಅಂತ ಗಾಡಿ ನೋಡಿದ್ರೆ ಗೊತ್ತಾಗಕಿಲ್ವಾ?"

ಮಾನಸಳ ಬಾಯಿಗೆ ಮಾತು ಬಂತು. ಇಳಿಸಿದ್ದಾರೆ ಎಂದರೆ, ಮತ್ತೆ ಜೀಪು ಯಾಕೆ ಉರುಳಿತು ಎಂದು ಕೇಳುತ್ತಾರೆ.

"ಗೊತ್ತಾಗಲ್ಲ, ಈರಮ್ಮ."

ಈರಮ್ಮ ತಲೆಯಾಡಿಸಿದಳು. ಹಾಗಾದರೆ ಬರುವ ಮಂಗಳವಾರ ಕಲ್ಲಿನ ಹತ್ತಿರ ಹೋಗಿ, ಗಂಡನ ಪರವಾಗಿ ತಪ್ಪುಕಾಣಿಕೆ ಕಟ್ಟಿ ಬರುವುದಾಗಿ ಹೇಳಿ ಎದ್ದು ಹೋದಳು.

ಟಕ್.

ಮಾನಸ ಮೆಟ್ಟಿಲಿಳಿದು ಅಂಗಡಿಯ ದೀಪ ಹಾಕಿದಳು. ಜವರಪ್ಪನ ಡಬ್ಬಿ ಮೇಲಿನ ಸಾಲಿನಲ್ಲಿ, ಅವಳು ಇಟ್ಟಲ್ಲೇ ಇತ್ತು. ತೆರೆದಳು. ಬಲ್ಬಿನ ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡಿಗೆ ಸುಟ್ಟು ಹೋಗುತ್ತದೆ ಎಂದು ಎಲ್ಲರಿಗೂ ಹೇಳುವವಳು ಅವಳೇ. ಜವರಪ್ಪ ಯಾವತ್ತೂ ಕೇಳುತ್ತಿರಲಿಲ್ಲ. ಒಂದರ ಗಾಜಿನ ಮೇಲೆ ಅವನ ಹೆಬ್ಬೆರಳಿನ ಗುರುತು ಕಂದಾಗಿ ಸುಟ್ಟುಕೊಂಡು ನಿಂತಿತ್ತು. ಮಾನಸ ಅದರ ಮೇಲೆಯೇ ಬೆರಳಿಟ್ಟಳು.

ಗಾಜು ಬೆಚ್ಚಗಿತ್ತು. ತಿರುವು ದಾಟಿ ಬಂದು ಈಗಷ್ಟೇ ಆರಿಸಿದ ಬಲ್ಬಿನ ಹಾಗೆ. ತಂತಿಯಿಲ್ಲ, ಬ್ಯಾಟರಿಯಿಲ್ಲ, ಹದಿಮೂರು ದಿನದಿಂದ ರಟ್ಟಿನೊಳಗಿದ್ದದ್ದು. ಅವಳು ಕೈ ತೆಗೆಯಲಿಲ್ಲ. ಅದು ತಣ್ಣಗಾಗುವವರೆಗೂ ಹಾಗೇ ನಿಂತಳು.

"ಯಾರೇ ಅದು?" ಮೇಲಿನಿಂದ ಪ್ರತಾಪನ ದನಿ.

"ಇಲಿ ಕಣ್ರೀ" ಎಂದಳು.

ಡಬ್ಬಿ ಮುಚ್ಚಿ, ಬೇರೆ ಡಬ್ಬಿಗಳ ಹಿಂದಕ್ಕೆ ತಳ್ಳಿದಳು. ಮಂಗಳವಾರ ಈರಮ್ಮ ಕಾಣಿಕೆ ಕಟ್ಟುತ್ತಾಳೆ, ಊರು ಸುಮ್ಮನಾಗುತ್ತದೆ. ಈ ಬಿಸಿಯನ್ನೂ ಆ ಸ್ವಿಚ್ಚನ್ನೂ ಯಾರಿಗೂ ಹೇಳುವುದಿಲ್ಲ, ಪ್ರತಾಪನಿಗೂ ಇಲ್ಲ ಎಂದು ಅಲ್ಲೇ ನಿಂತು ತೀರ್ಮಾನಿಸಿದಳು. ದೀಪ ಆರಿಸುವಾಗ ಸದ್ದಾಗಬಾರದೆಂದು ಗೋಡೆಯ ಸ್ವಿಚ್ಚನ್ನು ಹೆಬ್ಬೆರಳಿನಲ್ಲಿ ಹಿಡಿದು, ನಿಧಾನವಾಗಿ ಒತ್ತಿದಳು.