ಮಿಲ್ಲಿನ ಗೋಡೆಯಾಚೆ

ಸುಣ್ಣದ ಗೆರೆ ಮಲ್ಲಯ್ಯನ ಹೆಂಡತಿಯ ಮೇಲೆಯೇ ಹಾದುಹೋಗಿತ್ತು. ಆಕೆಯನ್ನು ಅಲ್ಲಿ ಮಣ್ಣು ಮಾಡಿ ಏಳು ವರ್ಷವಾಗಿತ್ತು. ಗೆರೆ ಎಳೆದವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವಂಥದ್ದೇನೂ ಅಲ್ಲಿರಲಿಲ್ಲ. ಕಲ್ಲಿಲ್ಲ, ಕಟ್ಟೆಯಿಲ್ಲ, ಹೆಸರಿಲ್ಲ. ಜಾಲಿ ಗಿಡಗಳು, ಒಂದು ಬೇವಿನ ಮರ, ಎರಡು ಎಕರೆ ಕರಿಮಣ್ಣು. ಮುದುಕ ಗೆರೆಯನ್ನು ತುಳಿಯದೆ ದಾಟಿ ನೆಟ್ಟಗೆ ಕನಕಮ್ಮನ ಮನೆಗೆ ಬಂದ. ಕನಕಮ್ಮನ ಮಗಳು ಮೌನೇಶ್ವರಿ ನಗರಸಭೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಯಾವ ಗೆರೆ ಯಾಕೆ ಬಂತೆಂದು ಅವಳಿಗೆ ತಿಳಿದೀತು ಎಂಬುದು ಅವನ ನಂಬಿಕೆ.

ಮೌನೇಶ್ವರಿಗೆ ತಿಳಿದಿತ್ತು. ಆ ಗೆರೆಗೆ ಕಾರಣವಾದ ಕಾಗದ ಬರೆದವಳೇ ಅವಳು.

ರಾಯಚೂರಿನ ಈ ಕಡೇ ವಾರ್ಡಿನಲ್ಲಿ ಊರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ನಡುವೆ ಅಕ್ಕಿ ಮಿಲ್ಲುಗಳು. ಅವುಗಳ ಚಿಮಣಿಯಿಂದ ಹಾರುವ ಹೊಟ್ಟಿನ ಬೂದಿ ಬಡವರು ಬಲ್ಲಿದರು ಎನ್ನದೆ ಎಲ್ಲರ ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ. ಮಿಲ್ಲುಗಳ ಆಚೆ ಹೊಸ ಲೇಔಟು, ಬಣ್ಣಬಣ್ಣದ ಮನೆಗಳು, ಗೇಟಿನ ಮೇಲೆ ಶರಣರ ವಚನದ ಸಾಲುಗಳು. ಈಚೆ ಹಮಾಲರ ಕಾಲೊನಿ. ಮಸರಕಲ್ಲಿನಿಂದಲೂ ಮಾನ್ವಿ ಕಡೆಯ ಹಳ್ಳಿಗಳಿಂದಲೂ ಚೀಲ ಹೊರಲು ಬಂದವರ ಮೊಮ್ಮಕ್ಕಳು ಈಗ ಮಾಸ್ತರರು, ನರ್ಸುಗಳು, ಒಬ್ಬ ಬ್ಯಾಂಕಿನವನು. ಕೆಲವರ ಗೋಡೆಯ ಮೇಲೆ ಎಲ್ಲಮ್ಮ, ಕೆಲವರ ಗೋಡೆಯ ಮೇಲೆ ಬುದ್ಧ, ಕನಕಮ್ಮನ ಗೋಡೆಯ ಮೇಲೆ ಇಬ್ಬರೂ. ಎರಡೂ ಕಡೆಯವರು ಕೊತ್ತಂಬರಿಗೆಂದು ದಾವಲ್ ಬೀಯ ಅಂಗಡಿಗೇ ಬರುತ್ತಾರೆ, ಬೂದಿಯನ್ನು ಬೈದುಕೊಂಡು ಹೋಗುತ್ತಾರೆ.

ಇದನ್ನೆಲ್ಲ ಮೌನೇಶ್ವರಿ ಬರೆದಿದ್ದಳು. ವಾರ್ಡಿನ ಪರಿಚಯ ಬರೆಯಲು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದವರಲ್ಲಿ ಅವಳೂ ಒಬ್ಬಳು. ಎಷ್ಟು ಮನೆ, ಎಷ್ಟು ನಲ್ಲಿ, ಯಾವ ಚರಂಡಿ ಎಲ್ಲಿ ಕಟ್ಟುತ್ತದೆ, ಯಾವ ಗುಡಿ, ಯಾವ ಮಸೀದಿ. ಬಿಸಿಲಲ್ಲಿ ಓಣಿ ಓಣಿ ಸುತ್ತಿ ಬರೆದಳು. ತನ್ನ ವಾರ್ಡನ್ನು ತನ್ನಷ್ಟು ಬಲ್ಲವರಿಲ್ಲ ಎಂಬ ಸಣ್ಣ ಜಂಬವೂ ಅವಳಿಗಿತ್ತು. ಆ ಎರಡು ಎಕರೆಯ ಮುಂದೆ ಮಾತ್ರ ಹೀಗೆ ಬರೆದಳು: ಖಾಲಿ ಜಾಗ, ಯಾವ ಬಳಕೆಯೂ ಇಲ್ಲ. ಅದನ್ನು ನೋಡಿ ಲೇಔಟಿನವರು ಅಲ್ಲಿ ಉದ್ಯಾನ ಕೇಳಿದರು, ಸುಣ್ಣದ ಗೆರೆ ಬಿತ್ತು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವಳು ಕಣ್ಣು ಮುಚ್ಚಿಕೊಂಡು ಬರೆದಿರಲಿಲ್ಲ. ಕಾಲೊನಿಯ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ. ಹೆಣದ ಹಿಂದೆ ಅಳುತ್ತ ಮಿಲ್ಲಿನ ಗೋಡೆಯ ಮೂಲೆಯವರೆಗೆ ನಡೆಯುತ್ತಾರೆ, ಅಲ್ಲಿಂದ ತಿರುಗಿ ಬಂದು ಮೈತೊಳೆಯುತ್ತಾರೆ. ಮುಂದಿನದು ಗಂಡಸರ ಕೆಲಸ. ಗಂಡಸರೂ ಗುರುತು ಇಡುವುದಿಲ್ಲ; ಸತ್ತವರ ಎದೆಯ ಮೇಲೆ ಭಾರ ಹೊರಿಸಬಾರದೆಂದು ಗುಂಡುಕಲ್ಲನ್ನೂ ಇಡುವುದಿಲ್ಲ. ಎರಡು ಮಳೆಗೆ ಗುಡ್ಡೆ ಇಳಿದು ನೆಲ ಸಮವಾಗುತ್ತದೆ. ಯಾರು ಎಲ್ಲಿದ್ದಾರೆ ಎಂಬುದು ಗುಣಿ ತೋಡುವ ಮಲ್ಲಯ್ಯನ ತಲೆಯಲ್ಲಿ ಮಾತ್ರ ಉಳಿಯುತ್ತದೆ. ಮೌನೇಶ್ವರಿಯ ಅಪ್ಪ ಹನುಮೇಶ ಹೋದಾಗ ಅವಳಿಗೆ ಒಂಬತ್ತು ವರ್ಷ. ಅವಳೂ ಆ ಮೂಲೆಯಿಂದಲೇ ತಿರುಗಿದವಳು. ಹದಿನೈದು ವರ್ಷದ ಮೇಲೆ ಲೇಔಟಿನ ಕಡೆಯ ಹೊಸ ರಸ್ತೆಯಿಂದ ಬಂದು ಜಾಲಿಯನ್ನು ನೋಡಿದಾಗ, ಎದುರಿಗಿರುವುದು ಅದೇ ಗೋಡೆಯ ಬೆನ್ನು ಎಂದು ಅವಳಿಗೆ ಹೊಳೆಯಲಿಲ್ಲ.

"ತಾತಾ, ಖಾಲಿ ಅಂತ ಬರದಾಕಿ ನಾನ," ಎಂದು ಮೌನೇಶ್ವರಿ ಮಲ್ಲಯ್ಯನಿಗೆ ಹೇಳಿದಳು.

ರೊಟ್ಟಿ ಬಡಿಯುತ್ತಿದ್ದ ಕನಕಮ್ಮನ ಕೈ ನಿಂತಿತು. "ನಿಮ್ಮಪ್ಪ ಅದಾನಲ್ಲಬೇ ಅಲ್ಲಿ," ಎಂದಳು. ಬೈದಿದ್ದರೆ ಮೌನೇಶ್ವರಿ ತಡೆದುಕೊಳ್ಳುತ್ತಿದ್ದಳು. ಅಮ್ಮ ಬೈಯದೆ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

ಅವತ್ತೇ ಮೌನೇಶ್ವರಿ ನಗರಸಭೆಯ ಇಂಜಿನಿಯರ್ ಮಹಾಂತಯ್ಯನ ಮುಂದೆ ಹೋಗಿ ನಿಂತು ತಪ್ಪು ಒಪ್ಪಿಕೊಂಡಳು. ಮಹಾಂತಯ್ಯ ಕೆಟ್ಟ ಮನುಷ್ಯನಲ್ಲ. ಹಳೆಯ ದಾಖಲೆ ತೆಗೆಸಿ ನೋಡಿದ. ಅದರಲ್ಲೂ ಸ್ಮಶಾನದ ಸುದ್ದಿಯೇ ಇರಲಿಲ್ಲ. ಇರುವ ಕಾಗದ ನಿನ್ನದೊಂದೇ, ಅದನ್ನು ಬದಲಿಸಬೇಕಾದರೆ ನನ್ನ ಕಣ್ಣಿಗೆ ಏನಾದರೂ ಕಾಣಬೇಕು ಎಂದ. ಸೋಮವಾರ ಹನ್ನೊಂದಕ್ಕೆ ಸ್ಥಳ ನೋಡಲು ಬರುತ್ತೇನೆ, ಅಂದು ಏನೂ ಕಾಣದಿದ್ದರೆ ಮಂಗಳವಾರ ಜೆಸಿಬಿ ಬರುತ್ತದೆ ಎಂದ.

ಭಾನುವಾರ ಸಂಜೆ ಕಾಲೊನಿಯವರು ಸಮುದಾಯ ಭವನದ ಮುಂದೆ ಕೂಡಿದರು. ಬ್ಯಾಂಕಿನ ವಿನೋದ ಒಂದು ಟ್ರ್ಯಾಕ್ಟರ್ ಬಂಡೆ ತರಿಸಿ, ಹೆಸರು ಬರೆಸಿ, ಬೆಳಗಾಗುವುದರೊಳಗೆ ನಿಲ್ಲಿಸಿಬಿಡೋಣ ಎಂದ. ಬಹಳ ಜನಕ್ಕೆ ಅದು ಸರಿ ಕಂಡಿತು. ಮಲ್ಲಯ್ಯ ಒಪ್ಪಲಿಲ್ಲ. ಐವತ್ತು ವರ್ಷ ತನ್ನ ಕೈಯಾರೆ ಮಲಗಿಸಿದವರ ಮೇಲೆ ಈಗ ಕಲ್ಲು ಹೊರಿಸಲಾರೆ, ಹೊರಿಸುವವರಿಗೆ ಜಾಗವನ್ನೂ ತೋರಿಸಲಾರೆ ಎಂದುಬಿಟ್ಟ. ಮಾತು ಜೋರಾಯಿತು. ಆಗ ಹೆಂಗಸರ ನಡುವಿನಿಂದ ಕನಕಮ್ಮ ಎದ್ದಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ.

"ಕಲ್ಲು ಬ್ಯಾಡ. ನಾವು ಹೋಗಿ ಕುಂದರ್ತೀವಿ," ಎಂದಳು.

ಮಲ್ಲಯ್ಯ ತಲೆ ಎತ್ತಿದ. "ಹೆಣ್ಮಕ್ಕಳು ಗ್ವಾಡಿ ದಾಟಂಗಿಲ್ಲ, ಕನಕವ್ವ."

"ಹದಿನೈದು ವರ್ಷ ದಾಟಿಲ್ಲ ಮಾವಾ. ದಾಟಿಲ್ಲಂತನ ನನ್ನ ಮಗಳು ಹಂಗ ಬರದ್ಲು."

ಮುದುಕ ಮೌನೇಶ್ವರಿಯ ಕಡೆ ತಿರುಗಿ ನೋಡಿದ. ಆಮೇಲೆ, ಮುಂಜಾನೆ ಲಗೂನ ಬರ್ರಿ, ಒಬ್ಬೊಬ್ಬರಿಗೂ ತೋರಿಸೋದು ಹೊತ್ತು ಹಿಡೀತದ, ಎಂದು ಎದ್ದುಹೋದ.

ಸೋಮವಾರ ಬೆಳಿಗ್ಗೆ ಹೆಂಗಸರೆಲ್ಲ ಗೋಡೆಯ ಮೂಲೆಯವರೆಗೆ ಬಂದರು, ಬಂದು ನಿಂತರು. ಯಾರೂ ನಿಲ್ಲಿರೆಂದು ಹೇಳಿರಲಿಲ್ಲ, ಕಾಲುಗಳೇ ನಿಂತವು. ಒಬ್ಬ ಮುದುಕಿ ಅಲ್ಲೇ ಅಳಲು ಶುರುಮಾಡಿದಳು. ಕನಕಮ್ಮ ಸೆರಗು ಬಿಗಿದುಕೊಂಡು ಮುಂದಕ್ಕೆ ಹೆಜ್ಜೆಯಿಟ್ಟಳು. ಮೌನೇಶ್ವರಿ ಅವಳ ಹಿಂದೆ, ಉಳಿದವರು ಅವರ ಹಿಂದೆ.

ಮಲ್ಲಯ್ಯ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಹೆಜ್ಜೆ ಎಣಿಸುತ್ತ ಒಬ್ಬೊಬ್ಬರನ್ನೂ ಅವರವರ ಜಾಗಕ್ಕೆ ಕರೆದೊಯ್ದ. ನಿಮ್ಮತ್ತಿ ಇಲ್ಲಿ. ನಿನ್ನ ತಮ್ಮ ಇಲ್ಲಿ. ಮೂರು ದಿನದ ಕೂಸು ಕಳೆದುಕೊಂಡಿದ್ದ ಒಬ್ಬಳಿಗೆ ಅಂಗೈಯಗಲ ನೆಲ ಮುಟ್ಟಿ ತೋರಿಸಿದ. ಅವಳು ಅದರ ಸುತ್ತ ಮಡಿಲು ಮಾಡಿಕೊಂಡು ಕುಳಿತಳು. ಚೀಲ ಹೊರುವ ಗಂಡಸರೂ ಮಿಲ್ಲಿನಿಂದ ಬಂದು ಕುಳಿತರು. ಲೇಔಟಿನ ಮಾಳಿಗೆಗಳ ಮೇಲೆ ಜನ ನಿಂತು ನೋಡುತ್ತಿದ್ದರು.

ಹನುಮೇಶನ ಜಾಗದಲ್ಲಿ ಕುಳಿತ ಕನಕಮ್ಮ ಕೇಳಿದಳು: "ತಲಿ ಯಾ ಕಡಿ ಅದ ಮಾವಾ?"

ಮಲ್ಲಯ್ಯ ಕೈ ಚಾಚಿ ತೋರಿಸಿದ. ಕನಕಮ್ಮ ಲೆಕ್ಕ ಹಾಕಿದವಳಂತೆ ತನ್ನ ಕೆಳಗಿನ ನೆಲವನ್ನು ನೋಡಿ, ಗಾಬರಿಯಿಂದ ಒಂದು ಮೊಳ ಪಕ್ಕಕ್ಕೆ ಸರಿದಳು. ತಾನು ಕುಳಿತಿದ್ದ ಕಡೆ ಮಣ್ಣನ್ನು ಅಂಗೈಯಿಂದ ಸವರಿದಳು. ಮೌನೇಶ್ವರಿಗೆ ಅಳು ತಡೆಯಲಾಗಲಿಲ್ಲ.

ಹನ್ನೊಂದಕ್ಕೆ ಮಹಾಂತಯ್ಯ ಬಂದ. ಇಷ್ಟು ಜನವನ್ನು ಅವನು ನಿರೀಕ್ಷಿಸಿರಲಿಲ್ಲ. ಸಾಲಾಗಿಯೂ ಅಲ್ಲದೆ ಗುಂಪಾಗಿಯೂ ಅಲ್ಲದೆ, ಒಬ್ಬರನ್ನೊಬ್ಬರು ನೋಡದೆ, ಮಾತಿಲ್ಲದೆ ಕುಳಿತಿದ್ದವರನ್ನು ನೋಡುತ್ತ ಅವನು ಅಂಚಿನಲ್ಲೇ ನಿಂತ. ಆಮೇಲೆ ಮಲ್ಲಯ್ಯನನ್ನು ಕರೆದು, ನಡುನಡುವೆ ಬಿಟ್ಟಿರುವ ಜಾಗ ಯಾರದೂ ಅಲ್ಲವೇ ಎಂದು ಮೆತ್ತಗೆ ಕೇಳಿದ.

"ಅಲ್ಲೂ ಮಂದಿ ಅದಾರ ಸಾಹೇಬ್ರೆ. ಅವರ ಹಿಂದ ಯಾರೂ ಉಳದಿಲ್ಲ," ಎಂದ ಮುದುಕ.

ಹಾಗೆಂದು ಅಂಥ ಒಂದು ಜಾಗಕ್ಕೆ ಹೋಗಿ ತಾನೇ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಮೊಣಕಾಲು ಹಿಡಿದು ಎದ್ದು, ನಾಲ್ಕು ಹೆಜ್ಜೆ ನಡೆದು, ಇನ್ನೊಂದು ಕಡೆ ಕುಳಿತ. ಮತ್ತೆ ಎದ್ದ.

ಮೌನೇಶ್ವರಿ ಅಮ್ಮನ ಪಕ್ಕದಿಂದ ಎದ್ದು ಅವನ ಬಳಿ ಹೋದಳು.

"ಇಲ್ಲಿ ಯಾರು, ತಾತಾ?"

ಮಲ್ಲಯ್ಯ ಒಂದು ಹೆಸರು ಹೇಳಿದ. ಅವಳು ಕೇಳಿರದ ಹೆಸರು. ತಲೆ ಯಾವ ಕಡೆಯೆಂದು ಕೇಳಿಕೊಂಡು, ಪಕ್ಕಕ್ಕೆ ಜಾಗ ಬಿಟ್ಟು ಅವಳು ಕುಳಿತಳು.